ಧಾರೆಯ ಕೆಳಗೆ ಅಕ್ಕನ ಅಂಗೈ

ಹರಿಹರದಲ್ಲಿ ನನ್ನ ಅಕ್ಕ ಅಕ್ಕನಾಗಮ್ಮನ ಮನೆಯ ಮಾಳಿಗೆ ಹತ್ತಿದರೆ ಹೊಳೆ ಕಾಣುತ್ತದೆ. ಆದರೂ ಆಕೆಗೆ ನೀರೆಂದರೆ ಗುಡ್ಡದ ಮೇಲಿನ ಹಾಲುಗವಿಯ ಧಾರೆಯ ನೀರೇ. ಶ್ರಾವಣ ಹತ್ತಿರ ಬಂತೆಂದರೆ ದಾವಣಗೆರೆಗೆ ಫೋನು ಬರುತ್ತದೆ. "ಪ್ರಭು, ಈ ವರ್ಷನಾದ್ರೂ ಧಾರಿಗೆ ಹೋಗಿಬರಾಣೇನೋ?" ನಾನು ಹೂಂ ಅನ್ನುತ್ತೇನೆ. ಆಮೇಲೆ ಅಂಗಡಿ, ಯಾರದೋ ಮದುವೆ, ಆಕೆಯ ಮಂಡಿನೋವು, ನನ್ನ ಕಣ್ಣಿನ ಆಪರೇಷನ್ನು, ಒಂದಲ್ಲ ಒಂದು ಅಡ್ಡ ಬಂದು ಶ್ರಾವಣ ಮುಗಿದುಹೋಗುತ್ತದೆ. ಹೀಗೆ ಹೂಂ ಅನ್ನುತ್ತಲೇ ನಾವಿಬ್ಬರೂ ಮುದುಕರಾದೆವು.

ಈ ಸಲ ಆಕೆಯ ಮಗನ ಮಗಳು ಕೃತಿಕಾ ಕಾರು ಕಲಿತಿದ್ದಳು. ಸೋಮವಾರ ಬೆಳಿಗ್ಗೆ ಅಜ್ಜಿಯನ್ನು ಕೂರಿಸಿಕೊಂಡು, ದಾರಿಯ ಬಾತಿ ಊರು ದಾಟುವಾಗಲೇ ನನಗೆ ಫೋನು ಮಾಡಿಸಿ, ನಾನು ಅಂಗಿಯ ಗುಂಡಿ ಹಾಕಿಕೊಳ್ಳುವುದರೊಳಗೆ ಬಾಗಿಲಲ್ಲಿ ಹಾರ್ನ್ ಮಾಡಿದಳು.

"ಬರ್ರಿ ಅಜ್ಜಾ, ಹಿಂದೆ ಕೂಡ್ರಿ. ಮುಂದೆ ಅಜ್ಜಿ ಕುಂತು ನಂಗೆ ಡ್ರೈವಿಂಗ್ ಕಲಿಸ್ತಾ ಐದಾಳೆ."

"ಕಲಿಸ್ದೆ ಏನ್ ಮಾಡ್ಲಿ? ದನ ಅಡ್ಡ ಬಂದ್ರೆ ಹಾರ್ನ್ ಹೊಡೀತಾಳೆ ಪ್ರಭು. ದನಕ್ಕೆ ಹಾರ್ನ್ ತಿಳೀತದೇನು?" ಎಂದಳು ಅಕ್ಕ.

ಆಕೆಯ ತೊಡೆಯ ಮೇಲೆ ಬುತ್ತಿಯ ಗಂಟಿತ್ತು. ಜೋಳದ ರೊಟ್ಟಿ, ಎಣಗಾಯಿ, ಶೇಂಗಾ ಚಟ್ನಿ, ಕೆನೆಮೊಸರು. ಕಾರಿನ ತುಂಬ ಅದೇ ವಾಸನೆ. ಲೋಕಿಕೆರೆಯ ಕಡೆಗೆ ತಿರುಗಿದಾಗ ಕಿಟಕಿಯಿಂದ ಬಂದ ಗಾಳಿಯಲ್ಲಿ ಆ ವಾಸನೆಗೆ ಒದ್ದೆ ಮಣ್ಣಿನ ವಾಸನೆ ಕೂಡಿಕೊಂಡಿತು. ಅಕ್ಕ ಹಿಂದೆ ತಿರುಗಿ ನನ್ನನ್ನು ನೋಡಿದಳು. ಇಬ್ಬರಿಗೂ ಅಪ್ಪನ ನೆನಪಾಗಿತ್ತು.

ನಮ್ಮ ಅಪ್ಪ ಬಕ್ಕೇಶಪ್ಪ ಚೌಕಿಪೇಟೆಯಲ್ಲಿ ಬಟ್ಟೆ ವ್ಯಾಪಾರ ಮಾಡುತ್ತಿದ್ದವರು. ಹಗಲೆಲ್ಲ ಗಜ ಹಿಡಿದು ಬಟ್ಟೆ ಅಳೆಯುವ ಕೈ, ಶ್ರಾವಣದ ಸಂಜೆಗಳಲ್ಲಿ ಓಣಿಯ ಮಠದಲ್ಲಿ ಪುರಾಣದ ಪುಟ ಮಗುಚುತ್ತಿತ್ತು. ಅವರು ಪದ್ಯ ಹಾಡಿದರೆ ಪಕ್ಕದಲ್ಲಿ ಕೂತ ಶಿವಯೋಗಪ್ಪ ಮಾಸ್ತರರು ಅರ್ಥ ಹೇಳುತ್ತಿದ್ದರು. ನಮಗೆ ಅರ್ಥಕ್ಕಿಂತ ಮೊದಲು ರಾಗ ಬಂತು. ಪದ್ಯದ ಮೂರನೆಯ ಸಾಲಿಗೆ ಬಂದಾಗ ಅಪ್ಪ ಉಸಿರು ಎಳೆದುಕೊಳ್ಳುತ್ತಿದ್ದರು. ಅಕ್ಕನೂ ನಾನೂ ಗೊತ್ತಿಲ್ಲದೆ ಜೊತೆಯಲ್ಲೇ ಉಸಿರು ಎಳೆದುಕೊಳ್ಳುತ್ತಿದ್ದೆವು.

ಶ್ರಾವಣದ ಒಂದು ಸೋಮವಾರ ಮಾತ್ರ ಅಂಗಡಿಗೆ ಬೀಗ. ಬೆಳಗಿನ ಮೊದಲ ಬಸ್ಸಿಗೆ ಹಾಲುಗವಿಗೆ ಹೊರಡುತ್ತಿದ್ದೆವು. ಬಸ್ಸು ಇಳಿದು ಗುಡ್ಡದ ದಾರಿಯಲ್ಲಿ ನಡೆಯಬೇಕು. ಆಗ ಅದು ವನ್ಯಧಾಮ ಆಗಿರಲಿಲ್ಲ, ಬರಿಯ ಅಡವಿ. ಮೇಲೆ ಗವಿ, ಗವಿಯ ಪಕ್ಕಕ್ಕೆ ಬಂಡೆಯಿಂದ ಬೀಳುವ ಧಾರೆ, ಧಾರೆಯ ಕೆಳಗೆ ಮಡು. ಅಲ್ಲಿ ನಮ್ಮ ಮನೆಯದೇ ಒಂದು ರೂಢಿಯಿತ್ತು. ಬೇರೆ ಮನೆಗಳಲ್ಲಿ ಉಂಟೋ ಇಲ್ಲವೋ ನಾನರಿಯೆ. ದಿನವೂ ಮನೆಯಲ್ಲಿ ಉದ್ಧರಣೆಯಿಂದ ಇಷ್ಟಲಿಂಗಕ್ಕೆ ನೀರೆರೆಯುತ್ತೇವಲ್ಲ, ಆ ಒಂದು ದಿನ ಧಾರೆಯೇ ಎರೆಯಬೇಕು. ಅಪ್ಪ ಮೊದಲು, ಆಮೇಲೆ ಅವ್ವ, ಆಮೇಲೆ ನಾವು ಮಕ್ಕಳು, ಒಬ್ಬೊಬ್ಬರಾಗಿ ಬಂಡೆಯ ಅಂಚಿಗೆ ನಿಂತು, ಕೊರಳಿನ ಲಿಂಗದಕಾಯಿ, ಎಂದರೆ ಲಿಂಗವಿಡುವ ಬೆಳ್ಳಿಯ ಕರಡಿಗೆ, ಬಿಚ್ಚಿ, ಲಿಂಗವನ್ನು ಎಡ ಅಂಗೈಯಲ್ಲಿಟ್ಟು ಕೈ ಚಾಚುವುದು. ಧಾರೆಯ ಸೆರಗು ಮಾತ್ರ ತಾಗುತ್ತಿತ್ತು. ಪೂಜೆ ಮುಗಿದ ಮೇಲೆ ಗವಿಯೊಳಗೆ ಅಪ್ಪನ ಪದ್ಯ. ಅವರ ಕೊನೆಯ ಸ್ವರವನ್ನು ಗವಿ ತುಸು ಹೊತ್ತು ಇಟ್ಟುಕೊಂಡು ಹಿಂದಕ್ಕೆ ಕೊಡುತ್ತಿತ್ತು. "ಕೇಳ್ರಿ, ಗವಿ ಹೂಂಗುಡ್ತಾ ಐತೆ" ಎನ್ನುತ್ತಿದ್ದರು ಅಪ್ಪ. ಆಮೇಲೆಯೇ ರೊಟ್ಟಿಯ ಗಂಟು ಬಿಚ್ಚುವುದು.

ಈಗ ಗುಡ್ಡದ ಬುಡದಲ್ಲಿ ಕಮಾನು, ಟಿಕೆಟ್ ಕೊಡುವ ಗೂಡು, ಕೊಂಡುಕುರಿ, ಕರಡಿ, ನವಿಲುಗಳ ಚಿತ್ರ ಬರೆದ ದೊಡ್ಡ ಬೋರ್ಡು. ಜೊತೆಗೆ ಬಂದ ಅರಣ್ಯ ಇಲಾಖೆಯ ಕಾವಲುಗಾರ ಅಂಜನಕುಮಾರ, ಖಾಕಿ ಅಂಗಿಯ ಹುರುಪಿನ ಮನುಷ್ಯ, ಮೊದಲೇ ಹೇಳಿಬಿಟ್ಟ.

"ನೋಡ್ರಿ ಯಜಮಾನ್ರೆ, ಐದಕ್ಕೆ ಗೇಟ್ ಬಂದ್. ಸಂಜಿಕೆ ಮರಿ ಹಾಕಿರೋ ಕರಡಿ ಮಡುವಿಗೆ ನೀರಿಗೆ ಬರ್ತೈತಿ. ಅದಕ್ಕೆ ಟಿಕೆಟ್ ಗಿಕೆಟ್ ತೋರ್ಸಿದ್ರೆ ಕೇಳಂಗಿಲ್ಲ."

"ನಾವು ಸಣ್ಣೋರಿದ್ದಾಗ್ಲೂ ಬರ್ತಿತ್ತಪ್ಪ. ಅದು ಈ ಕರಡಿ ಅಜ್ಜಿ ಇರ್ಬೇಕು" ಎಂದಳು ಅಕ್ಕ.

ದಾರಿಗೆ ಕಲ್ಲು ಹಾಸಿ ಮೆಟ್ಟಿಲು ಮಾಡಿದ್ದರು. ಅಕ್ಕ ನಾಲ್ಕು ಹೆಜ್ಜೆಗೊಮ್ಮೆ ನಿಲ್ಲುತ್ತಿದ್ದಳು. ಮಂಡಿಗಲ್ಲ, ಗುರುತಿಗೆ. ಇಲ್ಲಿ ಅವ್ವ ಕವಳಿಹಣ್ಣು ಕಿತ್ತುಕೊಟ್ಟದ್ದು, ಇಲ್ಲಿ ನಾನು ಬಿದ್ದು ಹಲ್ಲು ಮುರಿದುಕೊಂಡದ್ದು, ಈ ಆಲದ ಮರ ಆಗ ಇಷ್ಟೇ ಇದ್ದದ್ದು. ಪೊದೆಯ ಹಿಂದೆ ಏನೋ ಸರಿಯಿತು. ಅಂಜನಕುಮಾರ ಕೈಯೆತ್ತಿದ. ಕಂದು ಮೈಯ ಸಣ್ಣದೊಂದು ಪ್ರಾಣಿ, ಕಿವಿ ನಿಮಿರಿಸಿ ನಮ್ಮನ್ನೇ ನೋಡುತ್ತಿತ್ತು. ಕೊಂಡುಕುರಿ. ಕೃತಿಕಾ ಫೋನು ಎತ್ತುವುದರೊಳಗೆ ಅದು ಇರಲಿಲ್ಲ.

ಗವಿಯ ಬಾಯಿಗೆ ಕಬ್ಬಿಣದ ಜಾಲರಿ ಬಂದಿತ್ತು. ಒಳಗೆ ಬಾವಲಿಗಳಿವೆ, ಗದ್ದಲ ಮಾಡಬಾರದು ಎಂದ ಕಾವಲುಗಾರ. ಅಕ್ಕ ಜಾಲರಿಗೆ ಹಣೆ ಹಚ್ಚಿ ನಿಂತಳು. ಒಳಗಿನ ತಂಪು ಗಾಳಿ ಆಕೆಯ ಮುಖಕ್ಕೆ ಬರುತ್ತಿತ್ತು. ಸ್ವಲ್ಪ ಹೊತ್ತಿನ ಮೇಲೆ "ವಾಸನಿ ಅದೇ ಐತೆ ಪ್ರಭು" ಎಂದು ಪಿಸುಗುಟ್ಟಿದಳು.

ಧಾರೆ ಮಾತ್ರ ಅದೇ ಇರಲಿಲ್ಲ. ವಾರವಿಡೀ ಸುರಿದ ಮಳೆಗೆ ಬಂಡೆಯ ಅಗಲಕ್ಕೂ ಹರಡಿ, ಮಣ್ಣುಬಣ್ಣಕ್ಕೆ ತಿರುಗಿ, ಮಾತು ಕೇಳದಷ್ಟು ಸದ್ದು ಮಾಡುತ್ತ ಬೀಳುತ್ತಿತ್ತು. ನನ್ನ ಪೂಜೆಯನ್ನು ನಾನು ದಂಡೆಯಲ್ಲೇ, ಬೊಗಸೆಯಲ್ಲಿ ತಂದ ನೀರಿನಿಂದ ಮುಗಿಸಿದೆ. "ನೀನೂ ಇಲ್ಲೇ ಮಾಡಕ್ಕ. ಅದೇ ನೀರು" ಎಂದೆ.

"ಇಷ್ಟು ವರ್ಷ ಕಾದಿದ್ದು ಬೊಗಸೆ ನೀರಿಗೇನೋ?"

ಕೃತಿಕಾ ಮುಂದೆ ಇಳಿದು ಬಂಡೆಯ ಅಂಚಿನ ಕೆಳಗೆ ಸೊಂಟದವರೆಗಿನ ನೀರಿನಲ್ಲಿ ನಿಂತಳು, ಅಜ್ಜಿ ಜಾರಿದರೆ ಹಿಡಿಯಲೆಂದು. ಅಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿ, ಲಿಂಗದಕಾಯಿ ಬಿಚ್ಚಿ, ಲಿಂಗವನ್ನು ಅಂಗೈಗೆ ತೆಗೆದುಕೊಂಡಳು. ಬೆಳ್ಳಿಯ ಕಾಯಿ, ಶಿವದಾರ ಎರಡನ್ನೂ ನನ್ನ ಕಡೆ ನೀಡಿದಳು. ಆಕೆಯ ತುಟಿ ಅಲುಗುತ್ತಿತ್ತು. ಸದ್ದಿನಲ್ಲಿ ಏನೂ ಕೇಳಿಸದಿದ್ದರೂ ಅಪ್ಪ ಧಾರೆಯ ಮುಂದೆ ಹೇಳುತ್ತಿದ್ದ ಮಂತ್ರವೇ ಎಂದು ಗೊತ್ತಾಯಿತು. ಕೈ ಚಾಚಿದಳು.

ಹಿಂದಿನ ಚಳಿಗಾಲದಲ್ಲಿ ಆ ಎಡಗೈಯ ಮಣಿಕಟ್ಟು ಮುರಿದು ಕಟ್ಟು ಹಾಕಿಸಿಕೊಂಡದ್ದು ನನಗೆ ಮರೆತೇಹೋಗಿತ್ತು. ಧಾರೆಯ ತೂಕಕ್ಕೆ ಕೈ ಒಮ್ಮೆಲೇ ಕೆಳಗೆ ಬಾಗಿತು. ಕಪ್ಪನೆಯದೊಂದು ಚೂರು ಅಂಗೈಯಿಂದ ಉರುಳಿದ್ದು ಕಂಡಿತು. ಅದರ ನೇರ ಕೆಳಗೆ ಕೃತಿಕಾಳ ಎರಡೂ ಕೈಗಳಿದ್ದವು. ಚಾಚಿದ ಕೈಗಳು. ಅವು ತಟ್ಟನೆ ಹಿಂದಕ್ಕೆ ಹೋದವು, ಬೆಂಕಿ ಕಂಡಂತೆ.

ಒಬ್ಬರ ಇಷ್ಟಲಿಂಗವನ್ನು ಇನ್ನೊಬ್ಬರು ಮುಟ್ಟುವುದಿಲ್ಲ. ಅಂಬೆಗಾಲಿಡುವಾಗಲೇ ಆ ಹುಡುಗಿ ಅಜ್ಜಿಯ ಕೊರಳಿಗೆ ಕೈ ಹಾಕಿ ಎಷ್ಟು ಸಲ ಪೆಟ್ಟು ತಿಂದಿದ್ದಳೋ. ಆ ಪಾಠ ಕೈಯಲ್ಲೇ ಕೂತುಬಿಟ್ಟಿತ್ತು.

ಲಿಂಗ ನೀರು ಸೇರಿತು.

ಅಕ್ಕ ಅಂಗೈಯನ್ನು ಹಾಗೆಯೇ ಚಾಚಿಕೊಂಡು ನಿಂತಿದ್ದಳು. ನಾನು ರಟ್ಟೆ ಹಿಡಿದು ಆಕೆಯನ್ನು ದಂಡೆಗೆ ಕರೆತಂದು ಕೂರಿಸಿದೆ. ಕೃತಿಕಾ ಆಗಲೇ ಮುಳುಗಿದ್ದಳು. ಎದ್ದಾಗ ಬೊಗಸೆಯ ತುಂಬ ಕಲ್ಲು. ಮಡುವಿನ ತಳವೆಲ್ಲ ಅದೇ, ನೀರು ಉರುಳಾಡಿಸಿ ನುಣುಪು ಮಾಡಿದ ಕರಿಯ ಗುಂಡುಕಲ್ಲು. ಲಿಂಗದ ಮೇಲೆ ಲೇಪಿಸಿದ ಕಂತಿಯೂ ಕರಿದು.

"ಇದಾ ಅಜ್ಜಿ?"

"ಅಲ್ಲ."

"ಇದು?"

"ಅಲ್ಲವ್ವ."

ಗವಿಯ ಹತ್ತಿರವೇ ಉಳಿದಿದ್ದ ಅಂಜನಕುಮಾರ ಸೀಟಿ ಊದುತ್ತ ಓಡಿಬಂದ. ದಂಡೆಗೆ ಅಡ್ಡ ಕಟ್ಟಿದ ಹಗ್ಗ ದಾಟಿ ನೀರಿಗೆ ಇಳಿಯುವಂತಿಲ್ಲ. ವಿಷಯ ಹೇಳಿದೆ. ಅವನ ಮುಖ ಬದಲಾಯಿತು. "ಫೋನ್ ಬಿದ್ರೆ, ಉಂಗುರ ಬಿದ್ರೆ ಹುಡುಕಿ ಕೊಟ್ಟೀನ್ರಿ. ದೇವ್ರೇ ಬಿದ್ದಿದ್ದು ಇದೇ ಮೊದ್ಲು" ಎಂದ. ಹಗ್ಗವನ್ನು ಬಿಚ್ಚಿ ಒಂದು ತುದಿಯನ್ನು ಕೃತಿಕಾಳ ಸೊಂಟಕ್ಕೆ ಕಟ್ಟಿಸಿ, ಇನ್ನೊಂದನ್ನು ತಾನು ಹಿಡಿದು ಕೂತ.

ಹೊತ್ತು ಏರಿತು, ಇಳಿಯಿತು. ಅಕ್ಕ ಬೆಳಿಗ್ಗೆಯಿಂದ ಬರೀ ಹೊಟ್ಟೆಯಲ್ಲಿದ್ದಳು. ಧಾರೆಯ ಪೂಜೆಯ ಮುಂಚೆ ನೀರೂ ಮುಟ್ಟುವುದಿಲ್ಲವೆಂಬುದು ಆಕೆಯ ನೇಮ. ಆಕೆಗೆ ಸಕ್ಕರೆ ಕಾಯಿಲೆ. ತುಟಿ ಒಣಗಿ ಬೆರಳು ನಡುಗತೊಡಗಿದ್ದು ನನಗೆ ಕಾಣುತ್ತಿತ್ತು.

"ಒಂದು ಗುಟುಕು ನೀರು ಕುಡಿಯಕ್ಕ. ಒಂದು ಚೂರು ಬೆಲ್ಲ."

"ಲಿಂಗ ಇಲ್ದೆ ಹೆಂಗೆ ಕುಡೀಲಿ?"

"ಮಠಕ್ಕೆ ಹೋಗಾಣ. ಸ್ವಾಮಿಗಳು ಇನ್ನೊಂದು ಲಿಂಗ ಕಟ್ತಾರೆ. ಎಷ್ಟು ಜನರಿಗೆ ಕಟ್ಟಿಲ್ಲ?"

"ಕಟ್ತಾರೆ. ಅದೂ ಲಿಂಗನೇ. ನಾ ಇಲ್ಲ ಅನ್ನಲ್ಲ." ಆಕೆ ಖಾಲಿ ಅಂಗೈ ನೋಡಿಕೊಂಡಳು. "ಆದ್ರೆ ದೀಕ್ಷೆ ದಿನ ಗುರುಗಳು ಅದನ್ನ ನನ್ನ ಕೈಲಿಟ್ಟಾಗ ಕೈ ಸಣ್ಣದು, ಹಿಡಿಯಾಕೆ ಆಗ್ಲಿಲ್ಲ. ಅಪ್ಪ ಕೆಳಗೆ ತನ್ನ ಕೈ ಕೊಟ್ಟು ಕುಂತಿದ್ರು. ಲಿಂಗಕ್ಕೆ ತಾಗಿಸ್ಲಿಲ್ಲ, ನನ್ನ ಕೈಯ ಹಿಂಬದಿ ಅಷ್ಟೇ. ದಿನಾ ಕಣ್ಣು ಮುಚ್ಚಿ ಕುಂತಾಗ ಈ ಕೈ ಕೆಳಗೆ ಆ ಕೈ ಇರ್ತದೆ ಪ್ರಭು. ಇದು ಹೋದ್ರೆ ಅದೂ ಹೋಗ್ತದೆ."

ಇದನ್ನು ಆಕೆ ನನಗೆ ಎಂದೂ ಹೇಳಿರಲಿಲ್ಲ. ಅಪ್ಪನ ದನಿಯಷ್ಟೇ ಉಳಿದಿದೆ ಎಂದುಕೊಂಡಿದ್ದ ನನಗೆ, ಆಕೆಯ ಬಳಿ ಅಪ್ಪನ ಕೈ ಇದ್ದದ್ದು ಆಗ ತಿಳಿಯಿತು.

ಕೃತಿಕಾ ತಂದು ಹಾಕಿದ ಕಲ್ಲುಗಳಲ್ಲಿ ಅಂಜನಕುಮಾರ ಆರಿಸಿ ಕೊಟ್ಟ ಒಂದು ಕಲ್ಲು ಥೇಟು ಲಿಂಗದಂತೆಯೇ ಇತ್ತು. ನನಗೇ ನಂಬಿಕೆ ಬಂತು. "ಇದೇ ಇರ್ಬೇಕು ನೋಡ್ರಿ ಅಮ್ಮಾರೆ" ಎಂದ. ಅವನ ದನಿಯಲ್ಲಿ ಸ್ವಲ್ಪ ಬೇಡಿಕೆಯೂ ಇತ್ತು. ಗಡಿಯಾರ ನಾಲ್ಕೂವರೆ ದಾಟಿತ್ತು. ನಾನೂ "ಸರಿಯಾಗಿ ನೋಡಕ್ಕ" ಎಂದೆ. ಅಕ್ಕ ಅದನ್ನು ಹೆಬ್ಬೆರಳಿನಿಂದ ಒಮ್ಮೆ ಸವರಿದಳು.

"ಚಂದ ಐತೆ. ಅದರ ಜಾಗಕ್ಕೆ ಬಿಡಪ್ಪ" ಎಂದು ಹಿಂದಕ್ಕೆ ಕೊಟ್ಟಳು.

ಮರದ ಮೇಲಿನ ಮುಸುವಗಳು ಒಂದೊಂದಾಗಿ ದೂರ ಸರಿದವು. ಎಲ್ಲೋ ನವಿಲು ಕೂಗಿತು. ಕೃತಿಕಾ ಮುಳುಗುವುದನ್ನು ಬಿಟ್ಟು ಈಗ ಬರಿದೆ ನೀರಿನಲ್ಲಿ ನಿಂತಿದ್ದಳು. ಸೋತಳು ಎಂದುಕೊಂಡೆ. ಸೋತಿರಲಿಲ್ಲ. ಗೋಡೆ ಹಿಡಿದು ಕತ್ತಲಲ್ಲಿ ನಡೆಯುವವರಂತೆ ಒಂದೊಂದೇ ಇಂಚು ಸರಿಯುತ್ತಿದ್ದಳು. ಧಾರೆಯ ಬುಡದ ಹತ್ತಿರ ಬಂದವಳು ಥಟ್ಟನೆ ನಿಂತಳು. ಮುಖ ಬಿಳಿಚಿಕೊಂಡಿತು. ಮುಳುಗಿದಳು, ಎದ್ದಳು. ಬಲಗೈ ಮುಷ್ಟಿಯಾಗಿತ್ತು.

ಸಂತೋಷಪಟ್ಟವಳಂತೆ ಅವಳು ಕಾಣಲಿಲ್ಲ. ದಂಡೆ ಹತ್ತಿ ಅಜ್ಜಿಯ ಬಳಿಗೆ ಹೋಗದೆ ನೇರ ನನ್ನ ಬಳಿಗೆ ಬಂದಳು. ಹಲ್ಲು ಕಟಕಟ ಎನ್ನುತ್ತಿತ್ತು.

"ಅಜ್ಜಾ, ಸಿಕ್ತು. ಆದ್ರೆ ಹೇಳ್‌ಬ್ಯಾಡ್ರಿ. ಕಾಲಿಗೆ ಸಿಕ್ಕಿದ್ದು."

"ಏನು?"

"ಕಣ್ಣಿಗೆ ಏನೂ ಕಾಣಲ್ಲ ಒಳಗೆ. ಕಲ್ಲೆಲ್ಲಾ ಸುತ್ತ ಗುಂಡಗೆ, ಇದೊಂದೇ ತಳ ಚಪ್ಪಟೆ. ಕಾಲಲ್ಲಿ ತಡವಿ ತಡವಿ ನೋಡ್ತಿದ್ದೆ. ತುಳಿದ್‌ಬಿಟ್ಟೆ ಅಜ್ಜಾ. ಪೂರ್ತಿ ಅಂಗಾಲು ಅದರ ಮ್ಯಾಲೆ ಇತ್ತು."

ಹೇಳಿದರೆ ಏನಾಗುತ್ತದೆಂದು ನನಗೆ ಗೊತ್ತಿರಲಿಲ್ಲ. ತಿಜೋರಿಯ ಮೇಲಿಟ್ಟ ವಿಭೂತಿಗೆ ಸೆರಗು ತಾಗಿದರೂ ಎತ್ತಿ ಕಣ್ಣಿಗೊತ್ತಿಕೊಳ್ಳುವವಳು ನನ್ನ ಅಕ್ಕ. ಕಾಲಡಿ ಹೋದ ಲಿಂಗವನ್ನು ಮತ್ತೆ ಕಟ್ಟಿಕೊಳ್ಳುತ್ತಾಳೋ ಇಲ್ಲವೋ. ಕೈಗೆ ಸಿಕ್ಕಿತು ಎಂದರೆ ಮುಗಿಯಿತು, ನೀರು ಕುಡಿಯುತ್ತಾಳೆ, ರೊಟ್ಟಿ ತಿನ್ನುತ್ತಾಳೆ, ಗೇಟು ಹಾಕುವುದರೊಳಗೆ ಕೆಳಗಿರುತ್ತೇವೆ. "ಹೋಗಿ ಕೊಡು" ಎಂದೆ.

ಅವಳು ಅಜ್ಜಿಯ ಮುಂದೆ ಮೊಣಕಾಲೂರಿ ಮುಷ್ಟಿ ತೆರೆದಳು. ಅಕ್ಕ ಅದನ್ನು ಎತ್ತಿಕೊಳ್ಳುವ ಮೊದಲೇ, ನೋಡಿದ ಕೂಡಲೇ, ಆಕೆಯ ಇಡೀ ಮೈ ಸಡಿಲಾಯಿತು. ಎಡ ಅಂಗೈ ಚಾಚಿ, ಬಲಗೈಯಿಂದ ಮಣಿಕಟ್ಟನ್ನು ಆತುಕೊಂಡು, "ಇಡವ್ವ" ಎಂದಳು.

ಹುಡುಗಿ ಇಡಲಿಲ್ಲ.

"ಅಜ್ಜಿ, ಮೊದ್ಲು ಕೈಗೇ ಬೀಳ್ತಿತ್ತು. ನಾನೇ ಕೈ ತಗೊಂಡೆ. ಆಮೇಲೆ ಈಗ ಕಾಲಾಗೆ ತುಳಿದೆ. ಕಾಲಿಗೇ ಸಿಕ್ಕಿದ್ದು ಅಜ್ಜಿ." ಅಳು ಒತ್ತರಿಸಿ ಬಂತು. "ಬೇಕಾದ್ರೆ ಮಠಕ್ಕೆ ಹೋಗಿ ಕೇಳಾಣ. ನಂಗೆ ಸುಳ್ಳು ಹೇಳಾಕೆ ಆಗಲ್ಲ."

ಧಾರೆ ಬೀಳುತ್ತಲೇ ಇತ್ತು. ಅಂಜನಕುಮಾರ ಹಗ್ಗ ಸುತ್ತುವುದನ್ನು ನಿಲ್ಲಿಸಿ ನೋಡಿದ. ಅಕ್ಕ ಮೊಮ್ಮಗಳ ಪಾದಗಳ ಕಡೆ ನೋಡಿದಳು. ನೀರಿನಲ್ಲಿ ನೆನೆದು ನೆನೆದು ಬೆಳ್ಳಗೆ ಸುಕ್ಕುಗಟ್ಟಿದ್ದವು, ಒಂದು ಹೆಬ್ಬೆರಳಿನಿಂದ ರಕ್ತ ಜಿನುಗುತ್ತಿತ್ತು.

"ನೀ ಕೂಸಿದ್ದಾಗ ನಿಮ್ಮವ್ವ ಸ್ನಾನ ಮಾಡಿಸಿ ತಂದು ನನ್ನ ಮ್ಯಾಲೆ ಒಗೀತಿದ್ಲು" ಎಂದಳು ಅಕ್ಕ, ಬಹಳ ಮೆಲ್ಲಗೆ. "ಅಂಗಾತ ಮಲಗಿದ ನನ್ನ ಎದಿ ಮ್ಯಾಲೆ ನಿಂತು ದಪದಪ ಕುಣೀತಿದ್ದಿ. ಒದಿಯೋದು ಅಂದ್ರೆ ಎಂಥಾ ಒದಿಯೋದು! ಆಗ ಲಿಂಗ ಎಲ್ಲಿತ್ತೇ ಹುಚ್ಚಿ? ಇಲ್ಲೇ ಇತ್ತಲ್ಲ. ನಿನ್ನ ಕಾಲಡೀನೇ ಇತ್ತಲ್ಲ." ಎದೆಯ ಮೇಲೆ ಕೈ ಇಟ್ಟು ತೋರಿಸಿದಳು. "ನಾನೇನು ನಿನ್ನ ಕಾಲು ಕಟ್ಟಿ ಹಾಕಿದ್ನಾ? ಇನ್ನೊಂದೀಟು ಕುಣೀಲಿ ಅಂತ ರಟ್ಟೆ ಹಿಡಿದು ನಿಲ್ಲಿಸ್ತಿದ್ದೆ."

ಕೃತಿಕಾ ಅಳುತ್ತಲೇ ನಕ್ಕುಬಿಟ್ಟಳು.

"ಇಡು. ನಿನ್ನ ಕೈಯಿಂದ್ಲೇ ಇಡು. ನಂಗೆ ನೀರಡಿಕೆ ಆಗೈತೆ."

ಅವಳು ಇಟ್ಟಳು. ಅಕ್ಕನ ಮಣಿಕಟ್ಟು ತುಸು ಬಾಗಿತು. ಆಗ ಹುಡುಗಿ ತನಗೆ ತಾನೇ ಎಂಬಂತೆ ತನ್ನ ಎರಡೂ ಅಂಗೈಗಳನ್ನು ಅಜ್ಜಿಯ ಕೈಯ ಕೆಳಗೆ ಕೊಟ್ಟು ಹಿಡಿದಳು. ಅಕ್ಕ ಒಮ್ಮೆ ನನ್ನ ಕಡೆ ನೋಡಿ ಕಣ್ಣು ಮುಚ್ಚಿದಳು. ನಾನು ಬೊಗಸೆಯಲ್ಲಿ ಧಾರೆಯ ನೀರು ತಂದು ಎರೆದೆ. ವಿಭೂತಿ ಧರಿಸಿ, ಒಂದು ಹೂವಿಟ್ಟು, ಆಕೆ ತುಟಿ ಅಲುಗಿಸುತ್ತ ಕೂತಳು.

"ಅಮ್ಮಾರೆ, ಪೂಜಿ ಜಲ್ದಿ ಮುಗಸ್ರಿ. ಕರಡಿ ಬರೋ ಹೊತ್ತು" ಎಂದ ಅಂಜನಕುಮಾರ. ಆದರೆ ಅವನೂ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡಿದ್ದ.

ಅಕ್ಕ ಕಣ್ಣು ತೆರೆದು, ಲಿಂಗವನ್ನು ಕಾಯಿಯೊಳಗಿಟ್ಟು ಕೊರಳಿಗೆ ಹಾಕಿಕೊಂಡು, ಲೋಟದ ನೀರನ್ನು ಒಂದೇ ಗುಟುಕಿಗೆ ಕುಡಿದಳು. ಬೆಲ್ಲ ಬಾಯಿಗಿಟ್ಟುಕೊಂಡಳು. ರೊಟ್ಟಿ ಬಿಚ್ಚಿ ಕೂರಲು ಹೊತ್ತಿರಲಿಲ್ಲ. ರೊಟ್ಟಿಯಲ್ಲಿ ಚಟ್ನಿ ಸುತ್ತಿ ಎಲ್ಲರ ಕೈಗೂ ಒಂದೊಂದು ಕೊಟ್ಟಳು, ಕಾವಲುಗಾರನಿಗೂ. "ನಡೀತಾ ತಿನ್ರಿ" ಎಂದಳು.

ಮೆಟ್ಟಿಲು ಇಳಿಯಲು ಶುರುಮಾಡಿದ ಮೇಲೆ ಕೃತಿಕಾ ಕುಂಟುವುದು ಕಂಡಿತು. ಚಪ್ಪಲಿಯನ್ನು ಮಡುವಿನ ಆಚೆ ಬಂಡೆಯ ಮೇಲೆ ಬಿಟ್ಟು ಬಂದಿದ್ದಳು. ತಿರುಗಿ ಹೋಗಲು ಅಂಜನಕುಮಾರ ಬಿಡಲಿಲ್ಲ. "ನಾಳೆ ತಂದು ಗೇಟಿನಾಗೆ ಇಟ್ಟಿರ್ತೀನಿ. ಕರಡಿ ಹಾಕ್ಕೊಂಡು ಹೋಗಿರ್ಲಿಲ್ಲಾಂದ್ರೆ."

ಅಕ್ಕ ನಿಂತು ತನ್ನ ಚಪ್ಪಲಿ ಬಿಟ್ಟಳು.

"ಹಾಕ್ಕೊ."

"ನೀನು?"

"ನಾ ಈ ದಾರೀಲಿ ಬರಿಗಾಲಲ್ಲೇ ನಡೆದೋಳು. ಅಪ್ಪ ಇಬ್ರಿಗೂ ಚಪ್ಪಲಿ ಕೊಡಿಸಿದ್ದು ಆಮೇಲೆ. ಅಲ್ಲೇನೋ ಪ್ರಭು?"

ನಾನು ಹೂಂ ಎಂದೆ. ಬಾಯಿತುಂಬ ರೊಟ್ಟಿಯಿತ್ತು. ಇಳಿಹೊತ್ತಿನ ಬೆಳಕು ಮರಗಳ ಸಂದಿಯಿಂದ ಮೆಟ್ಟಿಲ ಮೇಲೆ ಬಿದ್ದಿತ್ತು. ಅಜ್ಜಿಯ ದೊಡ್ಡ ಚಪ್ಪಲಿಯಲ್ಲಿ ಕೃತಿಕಾ ಟಪ್ ಟಪ್ ಎಂದು ಮುಂದೆ ಇಳಿಯುತ್ತಿದ್ದಳು. ಅವಳ ಭುಜದ ಮೇಲೆ ಕೈಯಿಟ್ಟುಕೊಂಡು ಅಕ್ಕ, ಬಿಸಿಲಿಗೆ ಕಾದ ಕಲ್ಲಿನ ಬಿಸಿಯನ್ನು ಒಂದೊಂದೇ ಹೆಜ್ಜೆಗೆ ತೆಗೆದುಕೊಳ್ಳುವಂತೆ, ನಿಧಾನವಾಗಿ.